ಮುಖ ಆಮೇಲೆ ಬರೆಯಿರಿ

ಹೊಸ ಕಥೆಗೆ ಪಾತ್ರಗಳ ಚಿತ್ರ ಬರೆದುಕೊಡಿ ಅಂತ ಬರುವವರು ಹೆಚ್ಚಾಗಿ ಮೊದಲು ಹೇಳುವುದು ಮುಖದ ವಿಷಯ. ಕಣ್ಣು ದೊಡ್ಡದಿರಲಿ, ಕೆನ್ನೆಯಲ್ಲಿ ಗುಳಿ ಇರಲಿ, ನೋಡಿದ ಕೂಡಲೇ ಇಷ್ಟ ಆಗಬೇಕು. ಎಲ್ಲ ಸರಿ, ಆದರೆ ನಾನು ಮುಖಕ್ಕೆ ಕೈ ಹಾಕುವುದು ಕೊನೆಗೆ. ಕಾಮಿಕ್ಸ್ ಪುಟದ ಎಷ್ಟೋ ಚೌಕಗಳಲ್ಲಿ ಪಾತ್ರದ ಮುಖ ಕಡಲೆಕಾಳಿನಷ್ಟೇ ಇರುತ್ತದೆ, ಇಲ್ಲವೇ ಬರೀ ಬೆನ್ನು ಕಾಣುತ್ತದೆ. ಈಗಂತೂ ಜಾಸ್ತಿ ಜನ ಓದುವುದು ಮೊಬೈಲಿನಲ್ಲಿ. ಅಲ್ಲಿ ಆ ಗುಳಿ ಯಾರಿಗೆ ಕಾಣುತ್ತೆ ಹೇಳಿ?

ನಮ್ಮ ಯಕ್ಷಗಾನದವರಿಗೆ ಇದು ಹಳೇ ವಿಷಯ. ದೀವಟಿಗೆ ಬೆಳಕಿನ ಕಾಲದ ಬಯಲಾಟದಲ್ಲಿ ಹಿಂದೆ ಕೂತವರಿಗೆ ಕಣ್ಣು ಮೂಗು ಎಲ್ಲಿ ಕಾಣಬೇಕು? ಬಡಗುತಿಟ್ಟು ಶೈಲಿಯಲ್ಲಿ ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಂಡರೆ ಅಭಿಮನ್ಯುವೋ ಬಭ್ರುವಾಹನನೋ, ಒಟ್ಟಿನಲ್ಲಿ ಹರೆಯದ ವೀರ ಬಂದ ಅಂತ ತಿಳಿಯುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುತ್ತಾರೆ. ಅದು ಮುಳ್ಳುಮುಳ್ಳಾಗಿ ಎದ್ದು ನಿಂತು ಮುಖದ ಅಂಚನ್ನೇ ಬದಲಿಸಿಬಿಡುತ್ತದೆ. ಬಾಯಿ ತೆರೆಯುವ ಮುಂಚೆಯೇ ರಾಕ್ಷಸ! ತೊಗಲುಗೊಂಬೆಯಲ್ಲೂ ಅಷ್ಟೇ, ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆಯೇ ಬೇರೆ.

ಒಂದು ಕಥೆ ಇಟ್ಟುಕೊಂಡು ನೋಡೋಣ. ಮಲೆನಾಡಿನ ಹಳ್ಳಿ, ಮಳೆಗಾಲ, ಕರೆಂಟ್ ಹೋಗಿ ಮೂರು ದಿನ. ಪಾತ್ರಗಳು ಲೈನ್‌ಮ್ಯಾನ್, ಒಬ್ಬರು ಅಜ್ಜಿ, ಅವರ ಮೊಮ್ಮಗಳು. ಲೈನ್‌ಮ್ಯಾನ್ ಅಂದ ಕೂಡಲೇ ಖಾಕಿ ಅಂಗಿ ತೊಡಿಸಿ, ಕೈಗೊಂದು ಕಟಿಂಗ್ ಪ್ಲೇಯರ್ ಕೊಟ್ಟರೆ ಯೂನಿಫಾರ್ಮ್ ಏನೋ ಬಂತು, ಮನುಷ್ಯ ಇನ್ನೂ ಬಂದಿಲ್ಲ. ಈತ ದಿನವಿಡೀ ಮಾಡುವುದೇನು? ಮೇಲೆ ನೋಡುವುದು. ಯಾವ ಕೊಂಬೆ ತಂತಿ ಮೇಲೆ ಬಿದ್ದಿದೆ, ಯಾವ ಕಂಬದ ಇನ್ಸುಲೇಟರ್ ಒಡೆದಿದೆ ಅಂತ ಹುಡುಕುತ್ತ ಹೋಗುವವನು. ವರ್ಷಗಟ್ಟಲೆ ಹಾಗೆ ನಡೆದ ಮೇಲೆ ಗದ್ದ ಮುಂದೆ, ಕುತ್ತಿಗೆ ಹಿಂದೆ, ಹೊಟ್ಟೆ ಸ್ವಲ್ಪ ಹೊರಗೆ. ಟೀ ಅಂಗಡಿಯಲ್ಲಿ ಕೂತರೂ ಹಾಗೇ ಕೂರುತ್ತಾನೆ. ಅಜ್ಜಿ ಇದಕ್ಕೆ ಉಲ್ಟಾ. ನಾಟಿ ಮಾಡಿ, ಕಳೆ ಕಿತ್ತು, ಅಡಿಕೆ ಹೆಕ್ಕಿ ಬೆನ್ನು ಬಾಗಿದೆ, ಕಣ್ಣು ಯಾವಾಗಲೂ ನೆಲದ ಮೇಲೆ. ಮೊಮ್ಮಗಳ ಮೈಗೆ ಇನ್ನೂ ಯಾವ ಕೆಲಸವೂ ಅಂಟಿಲ್ಲ, ಹಾಗಾಗಿ ಅವಳದ್ದು ನೆಟ್ಟಗಿನ ಗೆರೆ. ಮೂರು ಗೆರೆಗೆ ಮೂರು ಜನ ಆದರು, ಕಣ್ಣು ಮೂಗು ಇನ್ನೂ ಇಲ್ಲ.

ಆಮೇಲೆ ಮೂವರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಪೂರ್ತಿ ಕಪ್ಪು ಬಳಿಯುತ್ತೇನೆ. ಬರೀ ನೆರಳು ನೋಡಿ ಯಾರು ಯಾರು ಅಂತ ಹೇಳಕ್ಕಾಗಬೇಕು. ಪಾತ್ರವನ್ನು ಒಂಟಿಯಾಗಿ ಬರೆದು ಮುಗಿಸುವ ಅಭ್ಯಾಸ ನನಗೆ ಹಿಡಿಸುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ನಿಂತಾಗಲೇ ಇವರು ಕುಳ್ಳೋ ಉದ್ದವೋ ಗೊತ್ತಾಗುವುದು, ಅಲ್ವಾ?

ಮಳೆ ಬಂತು, ಹೊಸ ತಲೆನೋವು ಶುರು. ಅಜ್ಜಿ ಗೊರಬು ಹಾಕಿಕೊಳ್ಳುತ್ತಾರೆ. ತಲೆ, ಬೆನ್ನು ಎರಡನ್ನೂ ಮುಚ್ಚುವ ಗೊರಬು ಬರೆಯುವವರಿಗೆ ಹಬ್ಬ, ದೂರದಿಂದಲೇ ಎದ್ದು ಕಾಣುವ ಆಕಾರ. ಆದರೆ ನಾಟಿ ಗದ್ದೆಯಲ್ಲಿ ಉಳಿದವರೂ ಗೊರಬು ಹಾಕಿದ್ದಾರಲ್ಲ, ಅಷ್ಟರಲ್ಲಿ ನಮ್ಮ ಅಜ್ಜಿ ಯಾರು? ಕೆಂಪು ಸೀರೆ ಉಡಿಸಿ ಕೈತೊಳೆದುಕೊಳ್ಳಬಹುದು. ಪುಸ್ತಕ ಕಪ್ಪು-ಬಿಳುಪಿನಲ್ಲಿ ಅಚ್ಚಾದರೆ ಆ ಕೆಂಪು ಎಲ್ಲಿಗೆ ಹೋಯ್ತು? ಅದರ ಬದಲು ಗೊರಬಿನ ಒಂದು ಮೂಲೆ ಹರಿದಿರಲಿ. ಅಲ್ಲಿಗೆ ಗೊಬ್ಬರದ ಚೀಲದ ತುಂಡು ಕಟ್ಟಿದ್ದಾರೆ, ಅದು ಗಾಳಿಗೆ ಪಟಪಟ ಹಾರುತ್ತೆ. ಅಜ್ಜಿ ಹೊಸದು ತರುವ ಪೈಕಿ ಅಲ್ಲ ಅನ್ನುವುದೂ ಅದರಲ್ಲೇ ಬಂತು.

ಇನ್ನು ಬರೆಯುವ ಕೈಯ ಲೆಕ್ಕ. ಅನಿಮೇಶನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12, ನಿಮಿಷಕ್ಕೆ 720 ಚಿತ್ರ. ಕೈಯಲ್ಲೇ ಬರೆಯುವುದಾದರೆ ಅಂಗಿಯ ನಾಲ್ಕು ಗುಂಡಿ ನಿಮಿಷಕ್ಕೆ 2,880 ಗುಂಡಿ ಆಗುತ್ತವೆ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ 1951ರಲ್ಲಿ ದಿನದ ಕಾರ್ಟೂನ್ ಶುರು ಮಾಡಿದಾಗ ಬೇರೆ ಬೇರೆ ರಾಜ್ಯದ ಜನರನ್ನು ಬರೆಯುತ್ತಿದ್ದರಂತೆ. ದಿನಾ ಗಡುವು ಬಂದು ತಲೆ ಮೇಲೆ ಕೂತಾಗ ಜನ ಕಡಿಮೆಯಾಗುತ್ತ ಬಂದು ಕೊನೆಗೆ ಉಳಿದದ್ದು ಒಬ್ಬರೇ. ಪಂಚೆ, ಚೌಕಳಿ ಕೋಟು, ಕನ್ನಡಕ, ಬೋಳು ತಲೆ, ಬಾಯಿಯೇ ಬಿಡದ ಶ್ರೀಸಾಮಾನ್ಯ. ದಿನಕ್ಕೊಂದು ಚಿತ್ರಕ್ಕೆ ಚೌಕಳಿ ಕೋಟು ಚೆನ್ನ. ಅನಿಮೇಶನ್‌ಗೆ ತಂದರೆ ತೋಳು ಮಡಚಿದಾಗಲೆಲ್ಲ ಚೌಕಳಿಯನ್ನೂ ಮಡಚಿ ಬರೆಯಬೇಕು, ಬರೆಯುವವರು ನಿಮ್ಮನ್ನು ಸುಮ್ನೆ ಬಿಡಲ್ಲ.

ಇಷ್ಟಾದ ಮೇಲೆ ಮಾಡೆಲ್ ಶೀಟ್. ಎದುರಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತಾರೆ, ಸಿಟ್ಟು ಬಂದರೆ ಹುಬ್ಬು ಎಲ್ಲಿಗೆ ಹೋಗುತ್ತೆ. ಮುಖದ ಸರದಿ ಬರುವುದು ಈಗ. ಅಷ್ಟು ಹೊತ್ತಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ. ಸದಾ ಮೇಲೆ ನೋಡುವವನ ಕಣ್ಣಂಚಿನಲ್ಲಿ ಸುಕ್ಕು ಬಿದ್ದಿರಲೇಬೇಕಲ್ಲ.

ಕಥೆ ಬರೆಯುವವರಿಗೆ ಒಂದು ಮಾತು. ಕಥೆ ಪೂರ್ತಿ ಮುಗಿಸಿ, ಬೈಂಡ್ ಮಾಡಿಸಿ ಚಿತ್ರಕಾರರ ಹತ್ತಿರ ಬರಬೇಡಿ, ಮೊದಲ ಕರಡಿನಲ್ಲೇ ಬನ್ನಿ. ಈ ಮೂರು ಗೆರೆ ನೋಡಿದರೆ ನಿಮಗೇ ಹೊಳೆಯಬಹುದು: ತಂತಿ ತುಂಡಾಗಿ ಗದ್ದೆಗೆ ಬಿದ್ದಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದು ಲೈನ್‌ಮ್ಯಾನ್‌ಗಲ್ಲ, ಅಜ್ಜಿಗೆ. ನೀವು ಅವನ ಕೈಗೆ ಕೊಟ್ಟಿದ್ದ ದೃಶ್ಯವನ್ನು ಕಿತ್ತು ಅಜ್ಜಿಗೆ ಕೊಡಬೇಕಾಗುತ್ತದೆ.