ಎಚ್‌ಐವಿ ಗುಳಿಗೆ ತಗೊಳ್ತಿದ್ದರೂ ತೂಕ ಯಾಕೆ ಇಳಿಯುತ್ತೆ?

ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ) ಕೊಡುವ ಸೆಂಟರ್‌ಗೆ ಬರುವವರಲ್ಲಿ ಹೆಚ್ಚಿನವರಿಗೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟು, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಎಷ್ಟು ಅನ್ನೋದು ಬಾಯಿಪಾಠ. ತೂಕ ಕೇಳಿದರೆ ಮಾತ್ರ 'ಅಲ್ಲೇ ಬರ್ದಿರ್ಬೇಕು ನೋಡಿ ಮೇಡಂ' ಅಂತ ಪುಸ್ತಕ ಮುಂದೆ ತಳ್ಳುತ್ತಾರೆ. ಬರೆದಿರುತ್ತೆ ನಿಜ. ಆದರೆ ಹಿಂದಿನ ಸಲದ ತೂಕದ ಜೊತೆ ಇಟ್ಟು ಯಾರೂ ನೋಡಿರುವುದಿಲ್ಲ. ಮಾರ್ಚ್‌ನಲ್ಲಿ 50 ಕೆಜಿ, ಜೂನ್‌ನಲ್ಲಿ 48, ಸೆಪ್ಟೆಂಬರ್‌ನಲ್ಲಿ 45 ಅಂತಿದ್ದರೆ ಒಂದೊಂದು ಸಲಕ್ಕೆ ಏನೂ ಅನ್ನಿಸಲ್ಲ, ಆದರೆ ಆರು ತಿಂಗಳಲ್ಲಿ ನೂರಕ್ಕೆ 10 ಭಾಗ ತೂಕ ಹೋಗಿದೆ.

ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18.5ಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ, 16ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. 160 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 47 ಕೆಜಿ ಮತ್ತು 41 ಕೆಜಿ. ಇಷ್ಟು ಇಳಿದು ಹೋದ ಮೇಲೆ ಎಆರ್‌ಟಿ ಶುರು ಮಾಡಿದವರಿಗೆ ಮೊದಲ ಕೆಲವು ತಿಂಗಳಲ್ಲಿ ಜೀವಾಪಾಯವೂ ಜಾಸ್ತಿ.

ಇಲ್ಲಿಗೆ ಬಂದಾಗ ಮನೆಯವರು ಕೇಳುವುದು ಟಾನಿಕ್ ಅಥವಾ ಪ್ರೋಟೀನ್ ಪುಡಿ. ನನಗೆ ಈ ಡಬ್ಬಿಗಳ ಮೇಲೆ ಸ್ವಲ್ಪ ಸಿಟ್ಟಿದೆ. ದಿನಗೂಲಿಯವರು ಮನೆಯ ಕಾಳು, ಮೊಟ್ಟೆಯ ದುಡ್ಡನ್ನೇ ತೆಗೆದು ಇದಕ್ಕೆ ಹಾಕುತ್ತಾರೆ. ಮೊದಲು ತೂಕ ಯಾಕೆ ಇಳಿಯಿತು ಅಂತ ಗೊತ್ತಾಗಬೇಕು, ಅಲ್ವಾ?

ನಾವು ಮೊದಲು ಹುಡುಕುವುದು ಟಿಬಿ. ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಈ ನಾಲ್ಕನ್ನೂ ಕೇಳಬೇಕು, ಒಂದಿದ್ದರೂ ಪರೀಕ್ಷೆ ಆಗಬೇಕು. 'ಕೆಮ್ಮೇ ಇಲ್ವಲ್ಲ' ಅಂತ ಎಷ್ಟೋ ಜನ ತಪ್ಪಿಸಿಕೊಳ್ಳುತ್ತಾರೆ, ಆದರೆ ಎಚ್‌ಐವಿ ಇರುವವರಲ್ಲಿ ಕೆಮ್ಮಿಲ್ಲದೆಯೂ, ಕುತ್ತಿಗೆಯ ಗಂಟಿನಲ್ಲೋ ಹೊಟ್ಟೆಯಲ್ಲೋ ಟಿಬಿ ಅಡಗಿ ಕೂತಿರಬಹುದು, ಎಆರ್‌ಟಿ ಶುರುವಾದ ಮೊದಲ ತಿಂಗಳುಗಳಲ್ಲೇ ಅದು ಎದ್ದು ಕಾಣಿಸಿಕೊಳ್ಳುವುದೂ ಉಂಟು. ಟಿಬಿ ಅಂತ ಗೊತ್ತಾಗಿ ಚಿಕಿತ್ಸೆ ಶುರುವಾದರೆ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 500 ಇತ್ತು. ಕೇಳಿ ತಗೊಳ್ಳಿ, ಸಂಕೋಚ ಬೇಡ.

ಆಮೇಲೆ ಬಾಯಿ ತೆಗೆಸಿ ನೋಡುತ್ತೇವೆ. ನಾಲಿಗೆ ಮೇಲೆ ಬಿಳಿ ಪದರ ಕಟ್ಟಿ ನುಂಗುವಾಗ ಎದೆಯಲ್ಲಿ ನೋವು ಬರುವವರಿಗೆ ಎಷ್ಟು ಒಳ್ಳೆ ಊಟ ಹೇಳಿ ಏನು ಪ್ರಯೋಜನ? ಫಂಗಸ್‌ಗೆ ಔಷಧಿ ಕೊಟ್ಟರೆ ಊಟ ತಾನಾಗೇ ಇಳಿಯುತ್ತದೆ. ವಾರಗಟ್ಟಲೆ ಬಿಡದ ಭೇದಿ, ಖಿನ್ನತೆ, ಕುಡಿತ ಇವನ್ನೂ ಕೇಳಬೇಕು.

ಇನ್ನೊಂದು ಕಾರಣ ಯಾವ ಲ್ಯಾಬ್ ರಿಪೋರ್ಟಲ್ಲೂ ಸಿಗುವುದಿಲ್ಲ. ಅದು ಪಥ್ಯ. ಮೈಮೇಲೆ ಗುಳ್ಳೆ ಎದ್ದಾಗ ಯಾರೋ 'ನಂಜು' ಅಂದಿರುತ್ತಾರೆ. ಅವತ್ತಿನಿಂದ ಬದನೆಕಾಯಿ, ಮೊಟ್ಟೆ, ಮೀನು, ಶೇಂಗಾ ಎಲ್ಲ ಬಂದ್. ಗುಳ್ಳೆ ವಾಸಿಯಾಗಿ ವರ್ಷ ಕಳೆದರೂ ಪಥ್ಯ ಬಿಟ್ಟಿರುವುದಿಲ್ಲ. ಬರೀ ಅನ್ನ, ತಿಳಿಸಾರು. ಬದನೆಕಾಯಿ ಬಿಟ್ಟರೆ ಬಿಡಲಿ, ನನ್ನ ತಕರಾರಿಲ್ಲ. ಆದರೆ ಬಡವರ ತಟ್ಟೆಯಿಂದ ಮೊಟ್ಟೆ, ಶೇಂಗಾ ಎರಡೂ ಹೋದರೆ ಉಳಿಯುವುದೇನು? ಅಲರ್ಜಿ ಇಲ್ಲದಿದ್ದರೆ ಎರಡನ್ನೂ ಧಾರಾಳವಾಗಿ ತಿನ್ನಿ.

ಬೇರೆ ತೊಂದರೆ ಇಲ್ಲದ ಎಚ್‌ಐವಿ ಇರುವವರಿಗೂ ಮಾಮೂಲಿಗಿಂತ ನೂರಕ್ಕೆ 10ರಷ್ಟು ಹೆಚ್ಚು ಕ್ಯಾಲೊರಿ ಬೇಕು, ಟಿಬಿಯಂಥ ಸೋಂಕಿದ್ದರೆ 20ರಿಂದ 30ರಷ್ಟು, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರೋಟೀನ್ ಒಂದನ್ನೇ ಪ್ರತ್ಯೇಕವಾಗಿ ಏರಿಸಿ ಅಂತ ಅದು ಹೇಳಿಲ್ಲ. 2000 ಕ್ಯಾಲೊರಿ ಬೇಕಾದವರಿಗೆ ಇನ್ನೊಂದು 200 ಅಂದರೆ ಒಂದು ಹಿಡಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ. ಅಷ್ಟೇ. ಟಿಬಿ ಇರುವವರಿಗೆ ಇದು ಸಾಲದು, ಅವರು ಎರಡು ಹೊತ್ತಿನ ಬದಲು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು: ರೊಟ್ಟಿ ಜೊತೆ ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಂಜಿಗೆ ಒಂದು ಚಮಚ ಎಣ್ಣೆ ಅಥವಾ ತುಪ್ಪ.

'ಊಟ ಆಗಿರ್ಲಿಲ್ಲ, ಅದಕ್ಕೆ ಗುಳಿಗೆ ಬಿಟ್ಟೆ' ಅನ್ನುವ ಮಾತನ್ನೂ ಕೇಳುತ್ತಿರುತ್ತೇನೆ. ಈಗ ಹೆಚ್ಚಿನವರಿಗೆ ಕೊಡುವ ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಒಂದರಲ್ಲೇ ಇರುವ) ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲೂ ತಗೊಳ್ಳಬಹುದು. ಮನೆಯಲ್ಲಿ ಅಕ್ಕಿ ಇಲ್ಲದ ದಿನ ಗುಳಿಗೆಯನ್ನೂ ಬಿಟ್ಟರೆ ನಷ್ಟ ಎರಡು ಕಡೆ. ಮನೆಯಲ್ಲಿ ಊಟಕ್ಕೇ ಕಷ್ಟ ಅಂತ ಕೌನ್ಸೆಲರ್‌ಗೆ ಹೇಳಿ. ರೇಷನ್ ಕಾರ್ಡಿಗೋ ಪಿಂಚಣಿಗೋ ಅರ್ಜಿ ಹಾಕುವ ದಾರಿ ಅವರಿಗೆ ಗೊತ್ತಿರುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ವಿಷಯ ಹೊರಗೆ ಹೇಳುವಂತಿಲ್ಲ ಅಂತ 2017ರ ಕಾಯ್ದೆಯೇ ಇದೆ.

ಇಷ್ಟು ಹೇಳಿದ ಮೇಲೂ ಟಾನಿಕ್ ಬೇಕೇ ಬೇಕು ಅನ್ನುವವರು ಡಬ್ಬಿ ತಂದು ತೋರಿಸಿ. ಅದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಇದ್ದರೆ ಟಿಎಲ್‌ಡಿಯಲ್ಲಿರುವ ಡೋಲುಟೆಗ್ರಾವಿರ್ ಅನ್ನೋ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ. ಟಿಎಲ್‌ಡಿ ನುಂಗಿ ಕನಿಷ್ಠ 2 ಗಂಟೆ ಬಿಟ್ಟು ಟಾನಿಕ್ ಕುಡಿಯಿರಿ, ಟಾನಿಕ್ ಮೊದಲು ಕುಡಿದಿದ್ದರೆ 6 ಗಂಟೆ ಬಿಟ್ಟು ಟಿಎಲ್‌ಡಿ. ಎರಡೂ ಒಟ್ಟಿಗೇ ಬೇಕಾದರೆ ಊಟದ ಜೊತೆ ಮಾತ್ರ. ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್‌ಗೆ ಆ ರಿಯಾಯಿತಿಯೂ ಇಲ್ಲ, ಊಟದ ಜೊತೆಗಾದರೂ ಇದೇ 2 ಗಂಟೆ, 6 ಗಂಟೆಯ ಅಂತರ ಇಡಲೇಬೇಕು.