ಬಿಸಿನೆಸ್ ಡೆವಲಪ್‌ಮೆಂಟ್ ಕೆಲಸಕ್ಕೆ ಮಾತಿನ ಮಲ್ಲರೇ ಆಗಬೇಕಾ?

ಪ್ರಶ್ನೆ: ಡಿಗ್ರಿ ಮುಗಿದಿದೆ. ಕೆಲಸ ಹುಡುಕಲು ಕೂತರೆ ಎಲ್ಲೆಲ್ಲೂ 'ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್' ಬೇಕು ಅಂತಲೇ ಕಾಣುತ್ತದೆ. ಇದು ಸೇಲ್ಸ್‌ಗೇ ಇಟ್ಟ ಇನ್ನೊಂದು ಹೆಸರಾ? ನಾನು ಸ್ವಲ್ಪ ಮಾತು ಕಮ್ಮಿ. ನನ್ನಂಥವರಿಗೆ ಇದು ಒಗ್ಗುತ್ತದೆಯಾ? ಏನೇನು ಕಲಿತಿರಬೇಕು?

ಉತ್ತರ: ಅರ್ಧ ಹೌದು, ಅರ್ಧ ಅಲ್ಲ. ಹೆಸರು ಒಂದೇ, ಅದರ ಕೆಳಗೆ ನಡೆಯುವ ಕೆಲಸ ಮೂರು ನಾಲ್ಕು ಥರದ್ದು.

ಶುರುವಿನ ಹಂತದಲ್ಲಿ ಇದು ಬಹುಪಾಲು ಸೇಲ್ಸೇ. ನಮ್ಮ ವಸ್ತುವೋ ಸೇವೆಯೋ ಯಾವ ಕಂಪನಿಗೆ ಬೇಕಾಗಬಹುದು ಎಂದು ಹುಡುಕಬೇಕು. ಅಲ್ಲಿ ಯಾರ ಹತ್ತಿರ ಮಾತಾಡಬೇಕು ಎಂದು ಪತ್ತೆ ಹಚ್ಚಬೇಕು. ಮೇಲ್ ಹಾಕಿ, ಫೋನ್ ಮಾಡಿ, ಮೀಟಿಂಗ್ ಗೊತ್ತು ಮಾಡಬೇಕು. ಮುಂದೆ ವ್ಯವಹಾರ ಕುದುರಿಸುವ ಹೊಣೆ ಹಲವು ಕಡೆ ಇನ್ನೊಬ್ಬರದ್ದು. ನೀವು ಮೇಲೆ ಹೋದಂತೆ ಗಿರಾಕಿಗಳಿಗಿಂತ ಪಾಲುದಾರರನ್ನು ಹುಡುಕುವುದೇ ಜಾಸ್ತಿಯಾಗುತ್ತದೆ. ನಮ್ಮದನ್ನು ತಮ್ಮದರ ಜೊತೆ ಸೇರಿಸಿ ಮಾರುವವರು, ಹೊಸ ಮಾರುಕಟ್ಟೆಗೆ ದಾರಿ ಮಾಡಿಕೊಡುವವರು, ತಂತ್ರಜ್ಞಾನವನ್ನು ಲೈಸೆನ್ಸ್ ಮೇಲೆ ಕೊಡುವವರು.

ದೊಡ್ಡ ಔಷಧ ಕಂಪನಿಗಳಲ್ಲಿ ಈ ಹೆಸರಿನ ವಿಭಾಗ ಮಾತ್ರೆ ಮಾರಲು ಹೋಗುವುದಿಲ್ಲ. ಬೇರೆಯವರ ಲ್ಯಾಬ್‌ನಲ್ಲಿ ಏನು ತಯಾರಾಗುತ್ತಿದೆ ಎಂದು ನೋಡುತ್ತಾ, ಬೇಕಾದ್ದನ್ನು ಒಪ್ಪಂದ ಮಾಡಿಕೊಂಡು ತರುವುದು ಅದರ ಕೆಲಸ. ಫೈಜರ್ ಮತ್ತು ಬಯೋಎನ್‌ಟೆಕ್ 2018ರಲ್ಲೇ ಎಂಆರ್‌ಎನ್‌ಎ ಫ್ಲೂ ಲಸಿಕೆಗಾಗಿ ಕೈಜೋಡಿಸಿದ್ದವು. ಹಾಗಾಗಿ 2020ರ ಮಾರ್ಚ್‌ನಲ್ಲಿ ಕೋವಿಡ್ ಲಸಿಕೆಯ ಮಾತುಕತೆಗೆ ಕೂತಾಗ ಇಬ್ಬರೂ ಹೊಸಬರಾಗಿರಲಿಲ್ಲ. ಅಂಥ ಕಡೆ ವಿಜ್ಞಾನ ಗೊತ್ತಿರಬೇಕು, ಸುಮ್ನೆ ಮಾತು ಬಂದರೆ ಸಾಲದು.

ಹಾಗಾದರೆ ನಿಮ್ಮ ಕಣ್ಣಿಗೆ ಬಿದ್ದ ಜಾಹೀರಾತು ಯಾವ ಥರದ್ದು? ಹುದ್ದೆಯ ಹೆಸರು ಬಿಡಿ, ಟಾರ್ಗೆಟ್ ಕೇಳಿ. ದಿನಕ್ಕೆ ಇಷ್ಟು ಕಾಲ್ ಎಂದರೆ ಅದು ಟೆಲಿಕಾಲಿಂಗ್. ತಿಂಗಳಿಗೆ ಇಷ್ಟು ಮೀಟಿಂಗ್ ಎಂದರೆ ಲೀಡ್, ಅಂದರೆ ಗಿರಾಕಿಗಳಾಗಬಹುದಾದವರನ್ನು, ಹುಡುಕುವ ಕೆಲಸ. ಇಷ್ಟು ಆದಾಯ ತರಬೇಕು ಎಂದರೆ ಪೂರ್ತಿ ಸೇಲ್ಸ್. ವರ್ಷಕ್ಕೆ ಕೆಲವೇ ಒಪ್ಪಂದ ಎಂದರೆ ಪಾಲುದಾರಿಕೆಯ ಕೆಲಸ, ಅದನ್ನು ಹೊಸಬರಿಗೆ ಕೊಡುವುದು ಅಪರೂಪ. ಇವುಗಳಲ್ಲಿ ಯಾವುದೂ ಕೀಳಲ್ಲ. ಆದರೆ ಒಂದನ್ನು ಇನ್ನೊಂದು ಅಂತ ನಂಬಿ ಸೇರಿದವರು ಆರು ತಿಂಗಳಿಗೇ ಬೇಸತ್ತು ಬಿಟ್ಟು ಹೋಗುತ್ತಾರೆ.

ಇನ್ನು ಮಾತು ಕಮ್ಮಿ ಎನ್ನುವ ಚಿಂತೆ. ನೀಲ್ ರ‍್ಯಾಕ್‌ಹ್ಯಾಮ್ ಎಂಬ ಸಂಶೋಧಕರ ತಂಡ ಸುಮಾರು 35,000 ಸೇಲ್ಸ್ ಭೇಟಿಗಳನ್ನು ಅಧ್ಯಯನ ಮಾಡಿತ್ತು. 1988ರಲ್ಲಿ ಪ್ರಕಟವಾದ ಅದರ ಫಲಿತಾಂಶ ಮಾತುಗಾರರಿಗೆ ಅಷ್ಟೇನೂ ಖುಷಿ ಕೊಡುವಂಥದ್ದಲ್ಲ. ಯಶಸ್ವಿಯಾದ ಭೇಟಿಗಳಲ್ಲಿ ಜಾಸ್ತಿ ಮಾತಾಡಿದವರು ಕೊಳ್ಳುವವರು. ಮಾರುವವರು ಸರಿಯಾದ ಪ್ರಶ್ನೆ ಕೇಳಿದ್ದರು. 'ಇವತ್ತೇ ಸೈನ್ ಮಾಡಿ' ಎಂಬ ಒತ್ತಡದ ತಂತ್ರಗಳು ದೊಡ್ಡ ವ್ಯವಹಾರಗಳಲ್ಲಿ ತಿರುಗುಬಾಣವಾಗಿದ್ದವು. ಕೇಳಿಸಿಕೊಳ್ಳುವ ಸ್ವಭಾವ ಇದ್ದರೆ ಇಲ್ಲಿ ಅದೇ ಬಂಡವಾಳ.

ನಿಜವಾಗಿ ಬೇಕಾದ ಮೊದಲ ಕೌಶಲ ಬರವಣಿಗೆ ಎನ್ನುವುದು ನನ್ನ ಅಭಿಪ್ರಾಯ. ಅಪರಿಚಿತರಿಗೆ ನೀವು ಮೊದಲು ಕಾಣುವುದೇ ಮೇಲ್‌ನಲ್ಲಿ, ಅಲ್ವಾ? 'ನಮ್ಮದು ಈ ಕ್ಷೇತ್ರದ ಮುಂಚೂಣಿ ಕಂಪನಿ, ನಿಮ್ಮ ಜೊತೆ ಕೆಲಸ ಮಾಡಲು ಉತ್ಸುಕರಾಗಿದ್ದೇವೆ' ಎಂಬ ಮೇಲ್ ಅನ್ನು ಓದದೆಯೇ ಡಿಲೀಟ್ ಮಾಡುತ್ತಾರೆ. ಇದನ್ನು ನೋಡಿ: 'ಹೊಸ ಗೋದಾಮಿಗೆ ಜನ ಬೇಕು ಎಂದು ನೀವು ಹಾಕಿದ್ದು ನೋಡಿದೆ. ಗೋದಾಮು ಎರಡಾದಾಗ ಸ್ಟಾಕ್ ಲೆಕ್ಕ ತಾಳೆಯಾಗದೆ ಒದ್ದಾಡುವವರು ಬಹಳ. ನಿಮಗೂ ಆ ತೊಂದರೆ ಇದ್ದರೆ 15 ನಿಮಿಷ ಮಾತಾಡೋಣವೇ?' ಮೂರೇ ಸಾಲು. ಆದರೆ ಇದನ್ನು ಬರೆಯುವ ಮುಂಚೆ ಆ ಕಂಪನಿಯ ಬಗ್ಗೆ ಅರ್ಧ ಗಂಟೆ ಓದಿರಬೇಕು. ಕೆಲಸದ ಕಷ್ಟ ಇರುವುದು ಅಲ್ಲಿ.

ಎರಡನೆಯದು, ಮಾತಾದ ಮೇಲೆ ಬರೆದಿಡುವ ಶಿಸ್ತು. ಗಿರಾಕಿಗಳ ಜೊತೆಗಿನ ಮಾತುಕತೆ ದಾಖಲಿಸುವ ಸಿಆರ್‌ಎಂ ಸಾಫ್ಟ್‌ವೇರ್‌ನಲ್ಲಿ 'ಮಾತಾಡಿದೆ, ಆಸಕ್ತಿ ಇದೆ' ಎಂದು ಬರೆದರೆ ಮೂರು ತಿಂಗಳ ನಂತರ ನಿಮಗೇ ಏನೂ ನೆನಪಿರುವುದಿಲ್ಲ. 'ಈಗಿನ ಸಪ್ಲೈಯರ್ ಒಪ್ಪಂದ ಜೂನ್‌ಗೆ ಮುಗಿಯುತ್ತದೆ. ಕೊನೆಯ ಮಾತು ಫೈನಾನ್ಸ್‌ನವರದ್ದು. ಏಪ್ರಿಲ್ ಮೊದಲ ವಾರ ಮತ್ತೆ ಫೋನ್ ಮಾಡಬೇಕು' ಎಂದಿದ್ದರೆ ಅದು ಕೆಲಸಕ್ಕೆ ಬರುವ ಟಿಪ್ಪಣಿ. ಬಜೆಟ್ ಇದೆಯಾ, ನಿರ್ಧಾರ ಯಾರದ್ದು, ಅಗತ್ಯ ನಿಜವಾ, ಯಾವಾಗ ಬೇಕು? ಐಬಿಎಂನಿಂದ ಬಂದದ್ದು ಎನ್ನಲಾಗುವ ಈ ನಾಲ್ಕು ಪ್ರಶ್ನೆಗಳನ್ನು ಇಂದಿಗೂ ಬಳಸುತ್ತಾರೆ. ಫಾಲೋಅಪ್‌ನಲ್ಲಿ ಗೆಲ್ಲುವವರು ಇಂಥ ಟಿಪ್ಪಣಿ ಇಟ್ಟವರು.

ಲೆಕ್ಕ ಹೆದರುವಷ್ಟೇನಿಲ್ಲ, ಶೇಕಡಾವಾರು ಬಂದರೆ ಸಾಕು. ನೂರು ರೂಪಾಯಿಗೆ 20 ಲಾಭ ಇರುವ ಕಡೆ ಶೇ. 10 ರಿಯಾಯಿತಿ ಕೊಟ್ಟರೆ ಅರ್ಧ ಲಾಭವೇ ಹೋಯಿತು. ಇದು ಥಟ್ಟನೆ ಹೊಳೆಯಬೇಕು.

ಒಪ್ಪಂದ ಓದುವುದು ಮಾತ್ರ ತಡವಾಗಿ ಬರುವ ಕಲೆ, ಆದರೆ ಬೆಲೆ ಜಾಸ್ತಿ. 1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಕೊಟ್ಟದ್ದು ಮೈಕ್ರೋಸಾಫ್ಟ್. ಅದನ್ನು ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಅದು ತನ್ನಲ್ಲೇ ಉಳಿಸಿಕೊಂಡಿತ್ತು. ಐಬಿಎಂ ಯಂತ್ರವನ್ನು ಹೋಲುವ ಕಂಪ್ಯೂಟರುಗಳು ಮಾರುಕಟ್ಟೆಗೆ ಬಂದಾಗ ಆ ಒಂದು ಷರತ್ತಿನಿಂದಾಗಿ ಅವುಗಳಿಗೂ ಅದನ್ನೇ ಮಾರಿ ಮೈಕ್ರೋಸಾಫ್ಟ್ ಎಷ್ಟು ಬೆಳೆಯಿತು ಎಂಬುದು ಎಲ್ಲರಿಗೂ ಗೊತ್ತು. ನೀವು ವಕೀಲರಾಗಬೇಕಿಲ್ಲ. ಏಕಸ್ವಾಮ್ಯ ಯಾರಿಗೆ, ಅವಧಿ ಎಷ್ಟು, ಮಧ್ಯೆ ಬಿಡುವುದು ಹೇಗೆ ಎಂಬಷ್ಟನ್ನಾದರೂ ಸ್ವತಃ ಓದಿ.

ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಹೊರಗಿನವರನ್ನು ಒಪ್ಪಿಸುವುದಕ್ಕಿಂತ ನಮ್ಮದೇ ಆಫೀಸಿನ ಕಾನೂನು, ಹಣಕಾಸು, ಉತ್ಪಾದನಾ ವಿಭಾಗದವರನ್ನು ಒಪ್ಪಿಸುವುದು ಕೆಲವೊಮ್ಮೆ ಕಷ್ಟ. ಗಿರಾಕಿ ಹೂಂ ಅಂದಾಗಿದ್ದರೂ 'ಆ ತಾರೀಕಿಗೆ ಆಗಲ್ಲ' ಎಂಬ ಉತ್ತರ ಪಕ್ಕದ ಟೇಬಲ್‌ನಿಂದಲೇ ಬರುತ್ತದೆ.

ನಿಮ್ಮನ್ನು ನೀವು ಅಳೆದು ನೋಡಬೇಕಾದದ್ದು ಒಂದೇ ವಿಷಯದಲ್ಲಿ. ಕಳಿಸಿದ ಬಹುಪಾಲು ಮೇಲ್‌ಗಳಿಗೆ ಉತ್ತರವೇ ಬರುವುದಿಲ್ಲ. ಬಂದ ಉತ್ತರಗಳಲ್ಲೂ 'ಬೇಡ' ಎನ್ನುವುದೇ ಹೆಚ್ಚು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮಾರನೇ ದಿನ ಮುಂದಿನ ಮೇಲ್ ಬರೆಯಲು ಆಗುತ್ತದಾ? ಆಗುತ್ತದೆ ಎಂದರೆ ಅರ್ಜಿ ಹಾಕಿ. ಎಂಬಿಎ ಇಲ್ಲದೆಯೂ ಈ ಕೆಲಸಕ್ಕೆ ಜನ ಸೇರುತ್ತಾರೆ, ಅದಕ್ಕಾಗಿ ಕಾಯಬೇಡಿ. ಸಂದರ್ಶನಕ್ಕೆ ಹೋಗುವ ಮುಂಚೆ ಆ ಕಂಪನಿಗೆ ಗಿರಾಕಿಗಳಾಗಬಹುದಾದ ಹತ್ತು ಸಂಸ್ಥೆಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕಾರಣ ಬರೆದು ಒಯ್ಯಿರಿ. ಕೊನೆಗೆ ನೀವೂ ಎರಡು ಪ್ರಶ್ನೆ ಕೇಳಿ: ಸಂಬಳದಲ್ಲಿ ಖಾಯಂ ಎಷ್ಟು, ಟಾರ್ಗೆಟ್ ಮೇಲೆ ಎಷ್ಟು? ಈ ಕುರ್ಚಿಯಲ್ಲಿ ನನಗಿಂತ ಮುಂಚೆ ಇದ್ದವರು ಈಗ ಎಲ್ಲಿದ್ದಾರೆ?