ದಪ್ಪ ಪಿನ್ನಿನ ಪುರಾಣ

ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಆದರೂ ಹೋದ ಮಳೆಗಾಲದ ಒಂದು ಬೆಳಿಗ್ಗೆ ಬಚ್ಚಲುಮನೆ ಬಾಗಿಲ ಹತ್ತಿರ ಮೀನಿನ ವಾಸನೆ. ಕಿಟಕಿ ಮುಚ್ಚಿ ನೋಡಿದೆವು, ತೆರೆದು ನೋಡಿದೆವು. ಪಕ್ಕದ ಮನೆಯವರ ಮೇಲೆ ಗುಮಾನಿ ಪಟ್ಟಿದ್ದೂ ಆಯಿತು. ಕೊನೆಗೆ ಗೀಸರ್ ಪ್ಲಗ್ ಕೀಳಲು ಹೋದ ಕೈ ಚುರ್ ಅಂದಿತು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಸುಟ್ಟ ದೋಸೆಯ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಪಿನ್ನಿನ ಮೇಲೆ ಕಪ್ಪು. ಹಿಂದುಗಡೆ ವೈರ್ ಹಿಡಿದಿದ್ದ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು, ಅಷ್ಟೇ.

ಹಳೆಯ ಬಿಳಿ ಸ್ವಿಚ್ಚು, ಸಾಕೆಟ್ಟುಗಳು ಬಹಳಷ್ಟು ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್ಕಿನವು. ಅದು ವಿಪರೀತ ಕಾದರೆ ಅಮೀನ್ ಜಾತಿಯ ಅನಿಲಗಳು ಹೊರಡುತ್ತವೆ. ಮೀನು ಹಳಸಿದಾಗ ಬರುವುದೂ ಅದೇ ಜಾತಿಯ ವಾಸನೆ. ನಮ್ಮ ಮೂಗು ತಪ್ಪು ಹೇಳಿರಲಿಲ್ಲ.

ಅರ್ಧ ಸುತ್ತು ಸ್ಕ್ರೂಗೆ ಇಷ್ಟೊಂದು ಬಿಸಿಯೇ? ಲೆಕ್ಕ ಹಾಕಿ ನೋಡೋಣ. ನಮ್ಮದು 3 ಕಿಲೋವ್ಯಾಟ್ ಗೀಸರ್. 230 ವೋಲ್ಟಿಗೆ ಅದು 13 ಆಂಪ್ ಎಳೆಯುತ್ತದೆ. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಅದನ್ನು ದಾರಿಯಲ್ಲಿರುವ ರೋಧದಿಂದ ಗುಣಿಸಿದರೆ ಎಷ್ಟು ಶಾಖ ಅಂತ ಗೊತ್ತಾಗುತ್ತದೆ. ಬಿಗಿಯಾದ ಕಾಂಟ್ಯಾಕ್ಟಿನ ರೋಧ ಓಮಿನ ಸಾವಿರದ ಒಂದು ಪಾಲು ಇದ್ದರೆ ಹುಟ್ಟುವ ಶಾಖ 0.17 ವ್ಯಾಟ್. ಕೈಗೂ ಗೊತ್ತಾಗುವುದಿಲ್ಲ. ಅದೇ ಲೂಸಾಗಿ, ಮಸಿ ಹಿಡಿದು 0.1 ಓಮ್ ಆಯಿತು ಅನ್ನಿ, ಶಾಖ 17 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಅದು ಸೀಸವನ್ನೇ ಕರಗಿಸುತ್ತದೆ. ಅಂಥದ್ದೊಂದು ಕಡ್ಡಿಯನ್ನು ಗೋಡೆಯೊಳಗೆ ಬಚ್ಚಿಟ್ಟು ದಿನಾ ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆವು. ಕಾದ ಹಿತ್ತಾಳೆಯ ಬಿಗಿತ ಕಡಿಮೆಯಾಗುತ್ತದೆ. ಬಿಗಿತ ಕಡಿಮೆಯಾದರೆ ಇನ್ನೂ ಕಾಯುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವ ಕಾಯಿಲೆ ಅಲ್ಲ ಇದು.

ಕರೆಂಟ್ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. 5 ಆಂಪ್ ಪ್ಲಗ್ಗಿಗೂ 15 ಆಂಪ್ ಪ್ಲಗ್ಗಿಗೂ ಇರುವ ಅಂತರ ಇದೇ. ದಪ್ಪ ಪಿನ್ ಹುಟ್ಟಿದ್ದು ಇದಕ್ಕಾಗಿ. ಆದರೆ ದುಡ್ಡಿನ ಕಾರಣವೂ ಒಂದಿತ್ತು.

ಮನೆಗೆ ಕರೆಂಟ್ ಬಂದ ಹೊಸದರಲ್ಲಿ ಅದು ದೀಪಕ್ಕೆ ಮಾತ್ರ. ಇಸ್ತ್ರಿಪೆಟ್ಟಿಗೆ, ಫ್ಯಾನು ಬಂದಾಗ ಜನ ಬಲ್ಬ್ ತೆಗೆದು ಆ ಹೋಲ್ಡರಿಗೇ ವೈರ್ ಸಿಕ್ಕಿಸಿದರು. ಅಮೆರಿಕದ ಹಾರ್ವೆ ಹಬ್ಬೆಲ್ 1904ರಲ್ಲಿ ಪೇಟೆಂಟಿಗೆ ಹಾಕಿದ ಪ್ಲಗ್ಗೂ ಬಲ್ಬ್ ಹೋಲ್ಡರಿಗೆ ತಿರುಪಿ ಕೂರಿಸುವಂಥದ್ದೇ. ಇತ್ತ ಬ್ರಿಟನ್ನಿನಲ್ಲಿ ಕರೆಂಟ್ ಕಂಪನಿಗಳು ದೀಪಕ್ಕೆ ಒಂದು ದರ, ಒಲೆ ಹೀಟರುಗಳಿಗೆ ಇನ್ನೊಂದು ಅಗ್ಗದ ದರ ಇಟ್ಟಿದ್ದವು. ಹಾಗಾಗಿ ಮೀಟರು ಬೇರೆ, ವೈರಿಂಗ್ ಬೇರೆ, ಸಾಕೆಟ್ಟೂ ಬೇರೆ. ನಮ್ಮಲ್ಲೂ ಹಿರಿಯರು ‘ಲೈಟಿಂಗು’, ‘ಪವರ್ರು’ ಅಂತ ಬೇರೆ ಬೇರೆಯಾಗಿಯೇ ಹೇಳುತ್ತಿದ್ದರು. ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿದ್ದ ‘ಎಇಎಚ್’ ಎಂಬ ಮೂರಕ್ಷರ ನೆನಪಿದೆಯೇ? ಆಲ್ ಎಲೆಕ್ಟ್ರಿಕ್ ಹೋಮ್. ದೀಪ ಮಾತ್ರವಲ್ಲ, ನೀರು ಕಾಯಿಸುವುದಕ್ಕೂ ಅಡುಗೆಗೂ ಕರೆಂಟ್ ಇರುವ ಮನೆ ಅಂತ ಅರ್ಥ. ಗೀಸರ್ ಪಾಯಿಂಟನ್ನು ಇಂದಿಗೂ ‘ಪವರ್ ಪ್ಲಗ್’ ಅನ್ನುತ್ತೇವೆ. ಉಳಿದ ಪ್ಲಗ್ಗುಗಳಲ್ಲಿ ಪವರ್ ಇಲ್ಲವೇನೋ ಅನ್ನುವ ಹಾಗೆ!

ನಮ್ಮ ಪ್ಲಗ್ಗುಗಳ ಮೂಲ 1934ರಲ್ಲಿ ಬಂದ ಬಿಎಸ್ 546 ಎಂಬ ಬ್ರಿಟಿಷ್ ಮಾನಕ. ಅದರಲ್ಲಿ 2, 5, 15 ಮತ್ತು 30 ಆಂಪಿನ ನಾಲ್ಕು ಗಾತ್ರಗಳಿದ್ದವು. ನಮ್ಮ ಗೋಡೆಗಳಲ್ಲಿ ಉಳಿದದ್ದು ನಡುವಿನ ಎರಡು. ಒಂದು ಸ್ಕೇಲ್ ಇದ್ದರೆ ತೆಗೆದುಕೊಳ್ಳಿ. ದೊಡ್ಡ ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಸರಿಯಾಗಿ ಒಂದಿಂಚು. ಚಿಕ್ಕದರಲ್ಲಿ ಮುಕ್ಕಾಲು ಇಂಚು. ಚಿಕ್ಕದರ ಪಿನ್ ದಪ್ಪ 5.08 ಮಿಲಿಮೀಟರ್, ದೊಡ್ಡದರದು 7.06. ಇದರಲ್ಲೊಂದು ತಮಾಷೆ ಇದೆ. ಚಿಕ್ಕ ಪ್ಲಗ್ಗಿನ ಅರ್ಥ್ ಪಿನ್ ಕೂಡ 7.06 ಮಿಲಿಮೀಟರೇ. ತಮ್ಮನ ಅರ್ಥ್ ಪಿನ್ ಅಣ್ಣನ ಫೇಸ್ ಪಿನ್ನಿನಷ್ಟೇ ದಪ್ಪ! ಆದರೂ ಒಂದು ಗಾತ್ರದ ಪ್ಲಗ್ಗು ಇನ್ನೊಂದು ಗಾತ್ರದ ಸಾಕೆಟ್ಟಿಗೆ ಹೋಗುವುದಿಲ್ಲ. ಹೋಗಬಾರದು ಅಂತಲೇ ಮಾಡಿದ್ದು.

ಅರ್ಥ್ ಪಿನ್ ಯಾಕೆ ದಪ್ಪ ಅಂತ ಕೇಳಿದರೆ ‘ರೋಧ ಕಡಿಮೆಯಾಗಲಿ ಅಂತ’ ಎನ್ನುವ ಉತ್ತರ ಶಾಲೆಯ ಗೈಡುಗಳಲ್ಲಿ ಸಿಗುತ್ತದೆ. ಅದಕ್ಕಿಂತ ಸರಳ ಕಾರಣ, ಅದು ಅಪ್ಪಿತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು. ಉದ್ದಕ್ಕೂ ಕಾರಣವಿದೆ. 15 ಆಂಪ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ 10 ಮಿಲಿಮೀಟರ್ ಉದ್ದ. ಹಾಕುವಾಗ ಎಲ್ಲಕ್ಕಿಂತ ಮೊದಲು ಅದು ತಾಗುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಫೇಸ್ ತಾಗಿರುವಷ್ಟು ಹೊತ್ತೂ ಅರ್ಥಿಂಗ್ ಇದ್ದೇ ಇರುತ್ತದೆ.

ಇಷ್ಟು ಜಾಣತನದಿಂದ ಮಾಡಿದ್ದನ್ನು ನಾವು ಎರಡು ಕಡೆಯಿಂದಲೂ ಹಾಳುಮಾಡಿದೆವು. ಮೊದಲನೆಯದು ಅಂಗಡಿಯಲ್ಲಿ ಸಿಗುವ ಕನ್ವರ್ಷನ್ ಪ್ಲಗ್. ಹಿಂದೆ ದಪ್ಪ ತೂತು, ಮುಂದೆ ಸಣ್ಣ ಪಿನ್. ಗೀಸರನ್ನೋ ಹೀಟರನ್ನೋ 5 ಆಂಪ್ ಪಾಯಿಂಟಿಗೆ ಸಿಕ್ಕಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಬೆಂಕಿ ಹಚ್ಚಲೂ ಅಷ್ಟೇ. ಎರಡನೆಯದು ಆರು ತೂತಿನ ಸಾಕೆಟ್. ದಪ್ಪದ್ದೂ ಹೋಗುತ್ತದೆ, ಸಣ್ಣದೂ ಹೋಗುತ್ತದೆ. ನೋಡಲು ನಿರಪಾಯ. ಆದರೆ ಅದರ ಹಿಂದಿರುವ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, 16 ಆಂಪ್ ದಾಟುವ ತನಕ ಬೀಳುವುದಿಲ್ಲ. ಅಷ್ಟರಲ್ಲಿ ಮಿಕ್ಸಿಯ ತೆಳು ವೈರ್ ಕಾದು ಕೂತಿರುತ್ತದೆ. ಇನ್ನು ಶಾಮಿಯಾನದವರು ಬರೀ ವೈರನ್ನು ತೂತಿಗೆ ಇಟ್ಟು ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುವುದನ್ನು ನೋಡದ ಕನ್ನಡಿಗರಿದ್ದಾರೆಯೇ? ಅದಕ್ಕೆ ಮಾನಕದ ನಂಬರ್ ಇನ್ನೂ ಕೊಟ್ಟಿಲ್ಲ. ಭಾರತದ ಮಾನಕ ಐಎಸ್ 1293 ಈಗ 5 ಮತ್ತು 15ರ ಬದಲು 6 ಮತ್ತು 16 ಆಂಪ್ ಅನ್ನುತ್ತದೆ. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಮಾತ್ರ ಇಂದಿಗೂ ‘ಹದಿನೈದು ಆಂಪ್’.

ಇದನ್ನು ನಮಗೆ ಕಲಿಸಿದ ಬ್ರಿಟಿಷರು ಮಾತ್ರ 1947ರಲ್ಲಿ ದುಂಡು ಪಿನ್ ಬಿಟ್ಟರು. ಭಾರತವನ್ನು ಬಿಟ್ಟ ವರ್ಷವೇ! ಯುದ್ಧ ಮುಗಿದು ಮನೆ ಕಟ್ಟುವ ಹೊತ್ತಿಗೆ ತಾಮ್ರಕ್ಕೆ ಬರ. ಮನೆಗೆಲ್ಲ ಒಂದೇ ಬಳೆಯಂತೆ ವೈರ್ ಸುತ್ತಿಸಿ, ಪ್ರತಿ ಪ್ಲಗ್ಗಿನೊಳಗೂ ಒಂದು ಫ್ಯೂಸ್ ಇಟ್ಟು, ಚೌಕ ಪಿನ್ನಿನ 13 ಆಂಪ್ ಪ್ಲಗ್ ಮಾಡಿಕೊಂಡರು. ಆದರೂ ಅಲ್ಲಿನ ನಾಟಕದ ಥಿಯೇಟರುಗಳಲ್ಲಿ ನಮ್ಮ ಗೀಸರ್ ಪ್ಲಗ್ ಇನ್ನೂ ಬದುಕಿದೆ. ಆಟ ನಡೆಯುವಾಗ ಮೇಲೆ ತೂಗಾಡುವ ದೀಪದ ಪ್ಲಗ್ಗಿನಲ್ಲಿ ಫ್ಯೂಸ್ ಹೋದರೆ ಏಣಿ ಹತ್ತುವವರು ಯಾರು? ಫ್ಯೂಸಿಲ್ಲದ ದುಂಡು ಪಿನ್ನೇ ಅವರಿಗೆ ವಾಸಿ. ದಕ್ಷಿಣ ಆಫ್ರಿಕಾದಲ್ಲೂ ಇದೇ ದಪ್ಪ ಪ್ಲಗ್ ಮನೆಮನೆಯ ಮಾತು. 1986ರಲ್ಲಿ ಜಗತ್ತಿಗೆಲ್ಲ ಒಂದೇ ಪ್ಲಗ್ ಇರಲಿ ಅಂತ ಅಂತರರಾಷ್ಟ್ರೀಯ ಮಾನಕವೊಂದು ಬಂತು. ಅದನ್ನು ಕಿವಿಗೆ ಹಾಕಿಕೊಂಡದ್ದು ಮುಖ್ಯವಾಗಿ ಬ್ರೆಜಿಲ್, ದಕ್ಷಿಣ ಆಫ್ರಿಕಾ. ಗೋಡೆಯಲ್ಲಿ ಹೂತ ತೂತನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಮನೆಯಿಂದ ಹೊರಗೆ ಬಂದರೆ, ಒಂದೇ ಭಾಷೆ ಮಾತಾಡುವ ಪ್ಲಗ್ ಒಂದಿದೆ. ದೊಡ್ಡ ಕಟ್ಟಡ ಏಳುವ ಕಡೆ, ವೆಲ್ಡಿಂಗ್ ಸೆಟ್ಟಿನ ಪಕ್ಕ, ಜನರೇಟರ್ ಲಾರಿಯ ಹಿಂದೆ ನೋಡಿ. ಮಗ್ಗಿನಷ್ಟು ದಪ್ಪ, ನೀಲಿ ಇಲ್ಲವೇ ಕೆಂಪು, ಮೇಲೊಂದು ಮುಚ್ಚಳ. ಇದು ಐಇಸಿ 60309 ಎಂಬ ಅಂತರರಾಷ್ಟ್ರೀಯ ಮಾನಕದ ಪ್ಲಗ್. ನಮ್ಮವರು ‘ಇಂಡಸ್ಟ್ರಿಯಲ್ ಪ್ಲಗ್’ ಅಂದುಬಿಡುತ್ತಾರೆ. ಹಳದಿ ಅಂದರೆ 110 ವೋಲ್ಟ್ ಆಸುಪಾಸು, ನೀಲಿ ಅಂದರೆ 230, ಕೆಂಪು ಅಂದರೆ 400ರ ತ್ರೀ ಫೇಸ್. 16, 32, 63, 125 ಆಂಪ್ ಅಂತ ಗಾತ್ರ ಬೇರೆ ಬೇರೆ. ಓದು ಬಾರದಿದ್ದರೂ ಬಣ್ಣ ಗೊತ್ತಾಗುತ್ತದೆ, ಅಲ್ವಾ?

ನನಗೆ ಇಷ್ಟವಾದದ್ದು ಇದರ ಗಡಿಯಾರ. ಸಾಕೆಟ್ಟನ್ನು ಎದುರಿನಿಂದ ನೋಡಿ. ಕೆಳಗೆ ಒಂದು ಕೊರಕಲು ಇರುತ್ತದೆ, ಅದು ಆರು ಗಂಟೆಯ ಜಾಗ. ಪಿನ್ನಿನ ತೂತುಗಳು ವೃತ್ತದ ಮೇಲೆ ಕೂತಿವೆ. ದಪ್ಪಗಿರುವ ಅರ್ಥ್ ಎಷ್ಟು ಗಂಟೆಯ ಜಾಗದಲ್ಲಿದೆ ಎನ್ನುವುದರ ಮೇಲೆ ಯಾವ ವೋಲ್ಟೇಜ್ ಅಂತ ತೀರ್ಮಾನ. ನೀಲಿಯಲ್ಲಿ ಆರು ಗಂಟೆಗೆ, ಹಳದಿಯಲ್ಲಿ ನಾಲ್ಕು ಗಂಟೆಗೆ. ಬಣ್ಣ ಮಾಸಿದರೂ, ಕತ್ತಲಾದರೂ, ಹಾಕುವವನಿಗೆ ಅವಸರವಿದ್ದರೂ ತಪ್ಪು ಪ್ಲಗ್ ಒಳಗೆ ಇಳಿಯುವುದಿಲ್ಲ.

ಮೂರು ಗಂಟೆಯ ಜಾಗ ರೀಫರ್ ಕಂಟೇನರುಗಳಿಗೆ ಮೀಸಲು. ಅಂದರೆ ಹಡಗಿನಲ್ಲಿ ಹೋಗುವ ಶೀತಪೆಟ್ಟಿಗೆಗಳು. ಬಂದರಿನಲ್ಲಿ 380 ವೋಲ್ಟ್ 50 ಹರ್ಟ್ಸ್ ಇರಬಹುದು, ಹಡಗಿನಲ್ಲಿ 440 ವೋಲ್ಟ್ 60 ಹರ್ಟ್ಸ್. ಪೆಟ್ಟಿಗೆ ಎರಡಕ್ಕೂ ಒಗ್ಗುತ್ತದೆ. ಪ್ಲಗ್ ಮಾತ್ರ ಎಲ್ಲ ಕಡೆ ಒಂದೇ, 32 ಆಂಪಿನ ನಾಲ್ಕು ಪಿನ್. ಪಣಂಬೂರಿನಲ್ಲಿ ಮೀನು ತುಂಬಿದ ಪೆಟ್ಟಿಗೆ ಯಾವ ದೇಶದ ದಂಡೆಯಲ್ಲಿ ಇಳಿದರೂ ಅದಕ್ಕೆ ಕನ್ವರ್ಷನ್ ಪ್ಲಗ್ ಬೇಡ. ನಮ್ಮ ಫೋನ್ ಚಾರ್ಜರಿಗಿಲ್ಲದ ಭಾಗ್ಯ ಮೀನಿಗಿದೆ.

63 ಆಂಪ್ ಮತ್ತು ಅದಕ್ಕಿಂತ ದೊಡ್ಡದರಲ್ಲಿ ನಟ್ಟನಡುವೆ ಒಂದು ಕುಳ್ಳ ಪಿನ್ ಇರುತ್ತದೆ. ಹೆಸರು ಪೈಲಟ್. ಅದು ಕೊನೆಗೆ ತಾಗಿ ಮೊದಲು ಬಿಡುತ್ತದೆ. ಅಷ್ಟು ದೊಡ್ಡ ಲೋಡ್ ಓಡುವಾಗ ಯಾರಾದರೂ ಪ್ಲಗ್ ಕಿತ್ತರೆ ಪಿನ್ನುಗಳ ನಡುವೆ ಬೆಂಕಿಯ ಬಿಲ್ಲು ಏಳುತ್ತದೆ. ಪೈಲಟ್ ಬಿಟ್ಟ ಕೂಡಲೇ ಕಾಂಟ್ಯಾಕ್ಟರ್ ಎಂಬ, ಕರೆಂಟಿನಿಂದಲೇ ಆಡುವ ದೊಡ್ಡ ಸ್ವಿಚ್ಚು ಬಿದ್ದು ಕರೆಂಟ್ ನಿಲ್ಲುವಂತೆ ವೈರಿಂಗ್ ಮಾಡಿದರೆ, ದೊಡ್ಡ ಪಿನ್ನುಗಳು ಈಚೆ ಬರುವ ಹೊತ್ತಿಗೆ ಅವುಗಳಲ್ಲಿ ಜೀವವೇ ಇರುವುದಿಲ್ಲ.

ಈ ಕುಳ್ಳ ಪಿನ್ನಿನ ವಂಶ ಈಗ ಎಲೆಕ್ಟ್ರಿಕ್ ಕಾರಿನವರೆಗೆ ಬಂದಿದೆ. 2001ರಲ್ಲಿ ಬೆಂಗಳೂರಿನಲ್ಲಿ ಬಂದ ರೇವಾ ಕಾರಿಗೆ ವಿಶೇಷ ಪ್ಲಗ್ ಏನೂ ಇರಲಿಲ್ಲ, ಗೀಸರಿನ 15 ಆಂಪ್ ಪಾಯಿಂಟೇ ಸಾಕಾಗಿತ್ತು. 2017ರ ‘ಭಾರತ್ ಎಸಿ-001’ ಚಾರ್ಜರಿನಲ್ಲಿ ಅದೇ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಮೂರು ಇಟ್ಟರು, ಒಂದೊಂದು 3.3 ಕಿಲೋವ್ಯಾಟ್. ಈಗಿನ ಕಾರುಗಳದ್ದು ಏಳು ಪಿನ್ನಿನ ಟೈಪ್ 2. ಅದನ್ನು ರೂಪಿಸಿದ್ದು ಜರ್ಮನಿಯ ಮೆನ್ನೆಕೆಸ್, ಇಂಡಸ್ಟ್ರಿಯಲ್ ಪ್ಲಗ್ಗುಗಳ ಹಳೆಯ ಕೈ. ಇದರ ಎರಡು ಸಣ್ಣ ಪಿನ್ನುಗಳು ಮಾತಾಡುವುದಕ್ಕೇ ಇವೆ. ಒಂದರಲ್ಲಿ ಸೆಕೆಂಡಿಗೆ 1000 ಸಲ ಮಿಡಿಯುವ ಸಿಗ್ನಲ್. ಮಿಡಿತದ ಅಗಲ ನೋಡಿ ಕಾರು ‘ಇಲ್ಲಿ ಎಷ್ಟು ಆಂಪ್ ಎಳೆಯಬಹುದು’ ಅಂತ ತಿಳಿದುಕೊಳ್ಳುತ್ತದೆ. ಇನ್ನೊಂದರಲ್ಲಿ ಬರೀ ಒಂದು ರೆಸಿಸ್ಟರ್. ಅದು 220 ಓಮ್ ಇದ್ದರೆ ಈ ಕೇಬಲ್ 32 ಆಂಪ್ ತಡೆಯುತ್ತದೆ ಅಂತ, 680 ಇದ್ದರೆ 20 ಮಾತ್ರ. ಮಾತು ಮುಗಿಯದೆ ಕರೆಂಟ್ ಹರಿಯುವುದಿಲ್ಲ. ಸ್ಕೂಟರುಗಳಿಗೂ ಬೆಂಗಳೂರಿನದೇ ಏಥರ್ ರೂಪಿಸಿದ ಕನೆಕ್ಟರ್ 2023ರಲ್ಲಿ ಭಾರತೀಯ ಮಾನಕವಾಯಿತು.

ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲೂ ಈಗೊಂದು ಎಲೆಕ್ಟ್ರಿಕ್ ಕಾರು ನಿಂತಿದೆ. ಅದರ ಪೋರ್ಟಬಲ್ ಚಾರ್ಜರಿನ ಒಂದು ತುದಿಯಲ್ಲಿ ಈ ಮಾತುಗಾರ ಟೈಪ್ 2. ಇನ್ನೊಂದು ತುದಿಯಲ್ಲಿ, ಗೋಡೆಗೆ, 1934ರ ಮೂರು ದಪ್ಪ ಪಿನ್. ಗೀಸರ್ ಓಡುವುದು ಕಾಲು ಗಂಟೆ. ಇದು ರಾತ್ರಿಯಿಡೀ ಎಳೆಯುತ್ತದೆ. ಕಾರಿನ ಯಜಮಾನರಿಗೆ ನಮ್ಮ ಮನೆಯ ಮೀನಿನ ಕತೆ ಹೇಳಿದ್ದೇನೆ. ಮಲಗುವ ಮುಂಚೆ ಅವರು ಒಮ್ಮೆ ಕೆಳಗಿಳಿದು ಬಂದು ಪ್ಲಗ್ಗಿನ ಬೆನ್ನು ಮುಟ್ಟಿ ನೋಡುತ್ತಾರೆ. ಕೈಗೆ ಬಿಸಿ ಹತ್ತಿದರೆ ಚಾರ್ಜಿಂಗನ್ನು 10 ಆಂಪಿಗೆ ಇಳಿಸಿ ಲಿಫ್ಟಿನ ಕಡೆ ನಡೆಯುತ್ತಾರೆ.